ಹಗ್ಗದ ಇನ್ನೊಂದು ತುದಿ

ಮೇಸ್ತ್ರಿ ತೀರಿಕೊಂಡ ಹನ್ನೆರಡನೆಯ ದಿನದ ಊಟಕ್ಕೆ ತದಡಿಗೆ ಹೋಗಿದ್ದೆ. ಪಂಕ್ತಿಯಲ್ಲಿ ನನ್ನ ಎಡಗಡೆ ಕೂತವರು ಇಂಜಿನ್ ಬಗ್ಗೆ ಮಾತಾಡುತ್ತಿದ್ದರು, ಬಲಗಡೆಯವರೂ ಇಂಜಿನ್ ಬಗ್ಗೆಯೇ. ನಡುಸಮುದ್ರದಲ್ಲಿ ಕೆಟ್ಟ ಬೋಟಿನ ಸದ್ದನ್ನು ಫೋನಿನಲ್ಲಿ ಕೇಳಿಯೇ ಯಾವ ಬೋಲ್ಟು ಸಡಿಲಾಗಿದೆ ಎಂದು ಹೇಳಿದ್ದರಂತೆ. ಸತ್ತುಬಿದ್ದ ಇಂಜಿನ್ನಿನ ಮೇಲೆ ಅವರು ಅಂಗೈ ಇಟ್ಟರೆ ಸಾಕು, ಅದು ಕೆಮ್ಮಿ ಎದ್ದು ಕೂರುತ್ತಿತ್ತಂತೆ. ಎಲ್ಲವೂ ಖರೆ. ಆದರೆ ಪಾಯಸ ಬರುವ ಹೊತ್ತಿಗೆ ನನಗೆ ಸಿಟ್ಟು ಏರಿತ್ತು. ಅಷ್ಟು ಜನರಲ್ಲಿ ಒಬ್ಬರಾದರೂ ಆ ಮನುಷ್ಯ ಬೇಸ್ ಗಿಟಾರ್ ಬಾರಿಸುತ್ತಿದ್ದರು ಎಂದು ಹೇಳಬಾರದೆ?

ಕೈ ತೊಳೆಯಲು ಹಿತ್ತಲಿಗೆ ಹೋದಾಗ ಅವರ ಹೆಂಡತಿ ಸಿಕ್ಕಿದರು. ನನ್ನ ಮುಖ ನೋಡಿಯೇ ಅವರಿಗೆ ಅರ್ಥವಾಯಿತು.

"ನೀವಾದ್ರೂ ಬರೀರಿ ಅಕ್ಕೋರೇ," ಎಂದರು. "ನಿಮಗೆ ಎಂತ ಕಲ್ಸಿದ್ರು ಅಂತ ಬರೀರಿ. ಹೆಸರು ಮಾತ್ರ ಹಾಕಬೇಡಿ, ಅವ್ರಿಗೆ ಅದು ಆಗ್ತಿರ್ಲಿಲ್ಲ. ನಮ್ಮ ಮದುವೆಯಲ್ಲೂ ಫೋಟೋ ತೆಗೀವಾಗ ಹಿಂದೇ ಹೋಗಿ ನಿಂತ್ಕಂಡಿದ್ರು."

ನಮ್ಮ ಕಡೆ ಶಾಲೆಯ ಟೀಚರನ್ನು ಅಕ್ಕೋರು ಎನ್ನುತ್ತಾರೆ. ನಾನು ಕುಮಟೆಯ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವಳು. ಅವರನ್ನು ತದಡಿ ಬಂದರಿನಲ್ಲಿ ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಇಲ್ಲೂ ಹಾಗೇ ಇರಲಿ.

ಅವರ ಪರಿಚಯವಾದದ್ದು ನಮ್ಮ ಮಾನ ಹೋದ ಮೇಲೆ. ಮೂರು ತಾಲೂಕಿನ ಮೂವರು ಅಕ್ಕೋರುಗಳು ಸೇರಿ ರಾಕ್ ಬ್ಯಾಂಡ್ ಕಟ್ಟಿದ್ದೆವು ಎಂದರೆ ಜನ ಈಗಲೂ ನಗುತ್ತಾರೆ. ನಗಲಿ. ಹೊನ್ನಾವರದ ಕನ್ನಡ ಅಕ್ಕೋರು ಹಾಡು ಬರೆದು, ಗಿಟಾರ್ ಹಿಡಿದು ಹಾಡುತ್ತಿದ್ದರು. ಭಟ್ಕಳದ ಪಿ.ಟಿ. ಅಕ್ಕೋರು ಡ್ರಮ್ಸ್. ಯಾರಿಗೂ ಬೇಡವಾಗಿ ಉಳಿದ ಬೇಸ್ ಗಿಟಾರ್ ನನ್ನ ಪಾಲಿಗೆ ಬಂತು. ತಂತಿ ನಾಲ್ಕೇ ಇವೆ, ನಿನಗೆ ಸುಲಭ ಎಂದು ಇಬ್ಬರೂ ಸೇರಿ ನನ್ನನ್ನು ಒಪ್ಪಿಸಿದ್ದರು. ಫೋನಿನಲ್ಲಿ ವಿಡಿಯೋ ನೋಡಿ ಕಲಿತು, ಶಿಕ್ಷಕರ ವಾರ್ಷಿಕ ಕೂಟದಲ್ಲಿ ಮೊದಲ ಸಲ ವೇದಿಕೆ ಹತ್ತಿದೆವು.

ಇಲ್ಲಿ ಒಂದು ಮಾತು ಹೇಳಬೇಕು. ನಾವು ಮೂವರೂ ಭಜನಾ ಮಂಡಳಿಯಲ್ಲಿ ತಾಳ ಕುಟ್ಟುತ್ತ ಬೆಳೆದವರು. ಭಜನೆ ನಿಧಾನ ಶುರುವಾಗುತ್ತದೆ, ಸುತ್ತಿನಿಂದ ಸುತ್ತಿಗೆ ಏರುತ್ತದೆ, ಕೊನೆಯ ಸುತ್ತಿನಲ್ಲಿ ಕೈ ಕಣ್ಣಿಗೆ ಕಾಣುವುದಿಲ್ಲ. ಏರದ ಭಜನೆ ನಮ್ಮಲ್ಲಿ ಭಜನೆಯೇ ಅಲ್ಲ. ಹಾಡಿಗೆ ಬೇರೆ ಥರದ ಕೊನೆ ಇರುತ್ತದೆ ಎಂದೇ ನಮಗೆ ಗೊತ್ತಿರಲಿಲ್ಲ. ಅವತ್ತು ಸಭೆಯವರೂ ನಮ್ಮಂಥವರೇ. ಎರಡನೆಯ ಚರಣಕ್ಕೆ ಚಪ್ಪಾಳೆ ತಟ್ಟಲು ಶುರುಮಾಡಿದರು, ಚಪ್ಪಾಳೆ ಏರಿತು, ಅದರ ಬೆನ್ನಿಗೆ ನಾನು ಏರಿದೆ, ನನ್ನ ಬೆನ್ನಿಗೆ ಡ್ರಮ್ಸ್. ಹಾಡುವವರು ಬಾಯಲ್ಲಿ ಮಾತು ಹಿಡಿಸದೆ ಅರ್ಧಕ್ಕೇ ನಿಂತರು. ಆಗ ಎರಡನೆಯ ಸಾಲಿನಿಂದ ನಮ್ಮ ಶಾಲೆಯದೇ ಸಮಾಜ ವಿಷಯದ ಮಾಸ್ತರರು ಎದ್ದು, "ಆತು ಆತು, ಇನ್ನು ಮಂಗಳಾರತಿ ತನ್ನಿ!" ಎಂದು ಕೂಗಿದರು. ಇಡೀ ಸಭಾಂಗಣ ನಕ್ಕಿತು. ಆಮೇಲೆ ಒಂದು ವರ್ಷ ಸ್ಟಾಫ್ ರೂಮಿನಲ್ಲಿ ಚಹಾ ಬಂದಾಗಲೆಲ್ಲ ನನಗೆ ಆರತಿಯೇ. ಮುಂದಿನ ಕೂಟದಲ್ಲಿ ಅದೇ ಜನರ ಎದುರು ಅದೇ ಹಾಡನ್ನು ಕೊನೆಯವರೆಗೆ ಒಂದೇ ಲಯದಲ್ಲಿ ನಿಲ್ಲಿಸಿ ತೋರಿಸದಿದ್ದರೆ ಗಿಟಾರನ್ನು ಅಟ್ಟಕ್ಕೆ ಹಾಕುತ್ತೇನೆ ಎಂದು ಶಪಥ ಮಾಡಿದೆ. ಕೆಡಿಸಿದ್ದು ನಾನೇ ಎಂದು ನನಗೆ ಗೊತ್ತಿತ್ತು.

ಗಿಟಾರಿಗೆ ವಯರು ಚುಚ್ಚುವ ಜಾಗ ಅಷ್ಟರಲ್ಲಿ ಸಡಿಲಾಗಿ ಗರಗರ ಎನ್ನುತ್ತಿತ್ತು. ಕುಮಟೆಯಲ್ಲಿ ಯಾರೂ ಅದನ್ನು ಮುಟ್ಟಲಿಲ್ಲ. ತದಡಿಯ ಮೇಸ್ತ್ರಿ ಏನು ಬೇಕಾದರೂ ಬೆಸೆಯುತ್ತಾರೆ ಎಂದು ಯಾರೋ ಹೇಳಿದರು. ಒಂದು ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಅಘನಾಶಿನಿಯವರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ತಾರಿ ದೋಣಿಯಲ್ಲಿ ಹೊಳೆ ದಾಟಿದೆ. ಮೀನುಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸೊಬ್ಬರು ನನ್ನ ಬೆನ್ನ ಮೇಲಿನ ಕರಿ ಚೀಲ ನೋಡಿ, "ಎಂತ ಅಕ್ಕೋರೇ, ಕೋವಿಯಾ?" ಎಂದು ಕೇಳಿದರು.

ಬಂದರಿನ ಅಂಚಿನಲ್ಲಿ ತಗಡಿನ ಮಾಡು, ಅದರ ಕೆಳಗೆ ಬಿಚ್ಚಿಟ್ಟ ಇಂಜಿನ್ನುಗಳು. ಅರವತ್ತು ದಾಟಿದ, ತೆಳ್ಳಗಿನ, ಕಪ್ಪು ಮನುಷ್ಯ. ಚೀಲದ ಜಿಪ್ಪು ಎಳೆದು ಗಿಟಾರಿನ ತಲೆಯಷ್ಟೇ ತೋರಿಸಿದೆನೋ ಇಲ್ಲವೋ, ಅವರು ಎದ್ದು ಹೋದರು. ಬಾಯಲ್ಲಿದ್ದ ಎಲೆಯಡಿಕೆಯ ಕವಳ ಉಗುಳಿ ಬಾಯಿ ಮುಕ್ಕಳಿಸಿದರು. ಕೈಯನ್ನು ಸೀಮೆಎಣ್ಣೆಯಲ್ಲಿ ತಿಕ್ಕಿ, ಸೋಪು ಹಾಕಿ, ಮತ್ತೊಮ್ಮೆ ಸೋಪು ಹಾಕಿ, ಮೂಸಿ ನೋಡಿಕೊಂಡರು. ಆಮೇಲೆ ಬಂದು ಅದನ್ನು ತೊಡೆಯ ಮೇಲಿಟ್ಟುಕೊಂಡರು. ಮುಂದೆ ಪ್ರತಿ ಶನಿವಾರ ಇದೇ ಕ್ರಮ. ಅವರ ಇಂಜಿನ್ನಿನ ಭಕ್ತರು ಯಾರೂ ಈ ಮಡಿ ನೋಡಿಲ್ಲ.

ತಂತಿ ಬಿಗಿದು ಶ್ರುತಿ ಸರಿಮಾಡಿಕೊಂಡು ನಾಲ್ಕೇ ಸ್ವರ ಬಾರಿಸಿದರು. ವಯರಿಲ್ಲದ, ಸ್ಪೀಕರಿಲ್ಲದ ಆ ಸಣ್ಣ ಸದ್ದಿನಲ್ಲೇ ಏನೋ ಒಂದು ಗಟ್ಟಿಯಾಗಿ ನೆಲಕ್ಕೆ ಕೂತಂತಾಯಿತು.

"ಎಲ್ಲಿ ಕಲ್ತ್ರಿ?" ಎಂದೆ.

"ಬೊಂಬಾಯಲ್ಲಿ. ಹೋಟೆಲ್ ಬ್ಯಾಂಡು. ಆಮೇಲೆ ಹೋಟೆಲಿನವ್ರು ಬ್ಯಾಂಡ್ ತೆಗ್ದು ಟೇಪ್ ಇಟ್ರು. ನನಗೆ ಇಂಜಿನ್ ಗೊತ್ತಿತ್ತು, ಊರಿಗೆ ಬಂದೆ." ಅಷ್ಟೇ ಅವರ ಆತ್ಮಕಥೆ. ಇದಕ್ಕಿಂತ ಹೆಚ್ಚು ನಾನು ಕೇಳಿದಾಗಲೂ ಹೇಳಲಿಲ್ಲ. ಹೆಸರು ಮಾಡಬಹುದಿತ್ತಲ್ಲ ಎಂದು ಒಮ್ಮೆ ಅಂದದ್ದಕ್ಕೆ ಮಾತ್ರ ನಕ್ಕರು. "ಹಾಡುವವ್ರ ಹೆಸರು ಹೇಳ್ತ್ರು, ಗಿಟಾರಿನವ್ರದ್ದು ಹೇಳ್ತ್ರು, ಡ್ರಮ್ಮಿನವ್ರದ್ದು ಹೇಳ್ತ್ರು. ಬೇಸಿನವನ ಹೆಸರು ಬರುವಷ್ಟರಲ್ಲಿ ಚಪ್ಪಾಳೆ ಮುಗ್ದಿರ್ತದೆ. ಒಳ್ಳೆ ಕೆಲ್ಸ ಅದು."

ಬೆಸೆಯುವ ಕೆಲಸ ಹತ್ತು ನಿಮಿಷಕ್ಕೆ ಮುಗಿಯಿತು. ನಾನು ಹೊರಡಲಿಲ್ಲ. ಭಜನೆಯ ಕಥೆ ಹೇಳಿದೆ, ಮಂಗಳಾರತಿಯದನ್ನೂ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣೊರೆಸಿಕೊಂಡು, "ಮುಂದಿನ ಶನಿವಾರ ಬನ್ನಿ," ಎಂದರು.

ಆ ಶನಿವಾರ ಧಾಟಿ ಕೇಳಿಕೊಂಡು ನಮ್ಮ ಹಾಡಿಗೆ ಅವರು ಕಟ್ಟಿಕೊಟ್ಟ ಬೇಸ್ ಪಾಠ ಹೇಳಲು ಒಂದು ಉಸಿರು ಸಾಕು. ಗಿಟಾರಿನ ಕುತ್ತಿಗೆಯ ಮೇಲಿನ ಅಂಕಣಗಳಿಗೆ ಅವರು ಮನೆ ಎನ್ನುತ್ತಿದ್ದರು. ದಪ್ಪ ತಂತಿಯನ್ನು ಖಾಲಿ ಬಿಟ್ಟು ಎಂಟು ಏಟು. ಪಕ್ಕದ ತಂತಿಯ ಮೂರನೇ ಮನೆಯಲ್ಲಿ ಎಂಟು. ದಪ್ಪ ತಂತಿಯ ಮೂರನೇ ಮನೆಯಲ್ಲಿ ಎಂಟು. ಮತ್ತೆ ಪಕ್ಕದ ತಂತಿಯ ಐದನೇ ಮನೆಯಲ್ಲಿ ಎಂಟು. ಹಾಡು ಮುಗಿಯುವವರೆಗೆ ಇದೇ. ಎಂಟನೇ ತರಗತಿಯ ಮಗುವಿಗೂ ಬರುತ್ತದೆ ಎಂದುಕೊಂಡೆ. ಅದೇ ಅಹಂಕಾರದಲ್ಲಿ ಅದರ ಮರುವಾರ ದೋಣಿ ಇಳಿದೆ.

ಅವರು ಒಂದು ಸಿಂಗಲ್ ಸಿಲಿಂಡರ್ ಇಂಜಿನ್ ಚಾಲೂ ಮಾಡಿದರು, ಸಣ್ಣ ದೋಣಿಗೆ ಹಾಕುವಂಥದ್ದು. ಸ್ಕ್ರೂ ಒಂದಿಷ್ಟು ಅತ್ತ, ಒಂದಿಷ್ಟು ಇತ್ತ ತಿರುಗಿಸಿ, ಕಿವಿ ಕೊಟ್ಟು, ನಮ್ಮ ಹಾಡಿನ ಲಯಕ್ಕೆ ತಂದು ನಿಲ್ಲಿಸಿದರು. ಧಡ್ ಧಡ್ ಧಡ್ ಧಡ್. "ಒಂದು ಧಡ್‌ಗೆ ಒಂದು ಏಟು. ಹೊಡೀರಿ."

ಹೊಡೆದೆ. ಐದು ನಿಮಿಷದಲ್ಲಿ ಏನೋ ತಪ್ಪುತ್ತಿದೆ ಅನಿಸಿತು. "ಮೇಸ್ತ್ರಿ, ನಿಮ್ಮ ಇಂಜಿನ್ ನಿಧಾನ ಆಗ್ತಾ ಇದೆ," ಎಂದೆ.

ಅವರು ಇಂಜಿನ್ನಿನ ಮೇಲೆ ಅಂಗೈ ಇಟ್ಟು ನನ್ನನ್ನು ನೋಡಿದರು. "ಅಕ್ಕೋರೇ, ಡೀಸೆಲ್ಲಿಗೆ ಭಜನೆ ಗೊತ್ತಿಲ್ಲ. ಓಡಿದ್ದು ನೀವು."

ನನಗೆ ಎಷ್ಟು ಅವಮಾನವಾಯಿತು ಎಂದರೆ ಆ ಇಂಜಿನ್ನನ್ನು ಹೊಳೆಗೆ ನೂಕಬೇಕು ಅನಿಸಿತ್ತು. ಆದರೂ ಬಿಡಲಿಲ್ಲ. ಎಂಟು ನಾಲ್ಕಲಿ ಮೂವತ್ತೆರಡು ಎಂದು ಮನಸ್ಸಿನಲ್ಲೇ ಎಣಿಸಿಕೊಂಡು ಬಾರಿಸಿದೆ. ಅದೂ ಅವರಿಗೆ ಗೊತ್ತಾಯಿತು. ತುಟಿ ಅಲ್ಲಾಡಿಸಿದ್ದನ್ನು ಕಂಡಿದ್ದರು. "ಲೆಕ್ಕ ಬೇಡ. ಲೆಕ್ಕ ಮಾಡಿದ್ರೆ ಮುಂದಿಂದು ಕಾಣ್ತದೆ, ಕಂಡ್ರೆ ಓಡ್ತ್ರಿ. ಈಗ ಹೊಡ್ದ ಏಟು ಪೂರಾ ಮುಗೀಲಿ. ಆಮೇಲೆ ಇನ್ನೊಂದು." ಇಪ್ಪತ್ತು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿದವಳಿಗೆ ಲೆಕ್ಕ ಬಿಡು ಎಂದರೆ ಹೇಗಿರುತ್ತದೆ, ನೀವೇ ಊಹಿಸಿ.

ಬೆರಳ ತುದಿಯಲ್ಲಿ ಬೊಬ್ಬೆ ಎದ್ದವು, ಒಡೆದವು, ಗಟ್ಟಿಯಾದವು. ಸೀಮೆಸುಣ್ಣ ಹಿಡಿದರೆ ಉರಿಯುತ್ತಿತ್ತು. ನಾನು ಕೊಟ್ಟೆ ಕಡುಬು ತೆಗೆದುಕೊಂಡು ಹೋಗುತ್ತಿದ್ದೆ, ಅವರ ಹೆಂಡತಿ ಅದಕ್ಕೆ ಮೀನು ಸಾರು ಹಾಕಿ ಕೊಡುತ್ತಿದ್ದರು. ಗುರುದಕ್ಷಿಣೆ ಅಂತ ಬಾಯಿ ತೆರೆದರೆ ಮೇಸ್ತ್ರಿ ಇಂಜಿನ್ ಜೋರು ಮಾಡಿಬಿಡುತ್ತಿದ್ದರು. ಅವರಿಗೆ ಬೇಡದ ಮಾತು ಬಂದಾಗಲೆಲ್ಲ ಇದೇ ಉಪಾಯ.

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ನಾನು ಕಣ್ಣು ಮುಚ್ಚಿ ಬಾರಿಸುತ್ತಿರುವಾಗ ಸದ್ದಿಲ್ಲದೆ ಇಂಜಿನ್ ಬಂದ್ ಮಾಡಿದ್ದರು. ನನಗೆ ಗೊತ್ತೇ ಆಗಲಿಲ್ಲ, ಬಾರಿಸುತ್ತಲೇ ಇದ್ದೆ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಚಾಲೂ ಮಾಡಿದರು. ಇಂಜಿನ್ನಿನ ಏಟೂ ನನ್ನ ಏಟೂ ಒಂದರ ಮೇಲೊಂದು ಬಂದು ಕೂತವು. ಕಣ್ಣು ತೆರೆದಾಗ ಅವರು ಆ ಕಡೆ ತಿರುಗಿ ಕವಳ ಮಡಚುತ್ತಿದ್ದರು. ಪಾಠ ಮುಗಿಯುವ ಮೊದಲೇ ಕವಳ ಹಾಕಿಕೊಂಡದ್ದು ಅದೊಂದೇ ದಿನ. ಹೊಗಳಿಕೆ ಎಂದರೆ ಅಷ್ಟೇ ಎಂದು ನಾನು ತಿಳಿದುಕೊಂಡೆ, ತಾರಿ ದೋಣಿಯಲ್ಲಿ ನಗುತ್ತ ಕೂತೆ.

ಮರುವಾರ ನನ್ನ ಜೊತೆಗಾರ್ತಿಯರನ್ನೂ ಕರೆದುಕೊಂಡು ಹೋದೆ. ಭಟ್ಕಳದ ಅಕ್ಕೋರು ಡೀಸೆಲ್ ಡಬ್ಬವನ್ನು ಮಗುಚಿ ಅದನ್ನೇ ಡ್ರಮ್ ಮಾಡಿಕೊಂಡರು. ಹೊನ್ನಾವರದವರು ಹಾಡಿದರು. ಹಾಡಿನ ಪಲ್ಲವಿ ಹೀಗಿತ್ತು:

ಹಗ್ಗ ಬಿಡಬೇಡ, ಗೆಳೆಯಾ, ಹಗ್ಗ ಬಿಡಬೇಡ,
ನೀರು ಎಳೆದರೆ ಎಳೆಯಲಿ, ದಂಡೆ ಇಲ್ಲೇ ಇದೆ.

ಮೇಸ್ತ್ರಿ ಪೂರ್ತಿ ಕೇಳಿದರು. ಲಯದ ಬಗ್ಗೆ ಏನೂ ಹೇಳಲಿಲ್ಲ. "ಇದರ ಅರ್ಥ ಎಂತ?" ಎಂದರು.

ಹೊನ್ನಾವರದ ಅಕ್ಕೋರಿಗೆ ಖುಷಿಯಾಯಿತು, ಕವಿಗೆ ಇನ್ನೇನು ಬೇಕು? ಇದು ವಿರಹದ ಹಾಡು, ಅವನು ದೂರ ಹೋಗುತ್ತಿದ್ದಾನೆ, ಅವಳು ದಂಡೆಯಲ್ಲಿ ನಿಂತು ಬೇಡಿಕೊಳ್ಳುತ್ತಿದ್ದಾಳೆ ಎಂದು ತರಗತಿಯಲ್ಲಿ ಹೇಳುವ ಹಾಗೆ ಬಿಡಿಸಿ ಹೇಳಿದರು.

"ಹಗ್ಗದ ಒಂದು ತುದಿ ಅವನ ಕೈಲಿ. ಇನ್ನೊಂದು ತುದಿ?"

"ಅವಳ ಕೈಲಿ."

"ಅವ್ಳು ಎಂತ ಮಾಡ್ತೆ ಇದ್ಲು?"

"ಅಳ್ತಾ ಇದ್ದಾಳೆ."

"ಎರಡೂ ಕೈ ಹಗ್ಗದ ಮೇಲಿದ್ರೆ ಕಣ್ಣು ಒರೆಸ್ಕಳುಕೆ ಕೈ ಎಲ್ಲಿಂದ ತರೂದು?"

ಆಮೇಲೆ ಅವರು ತಮ್ಮ ಸಣ್ಣಂದಿನ ಒಂದು ಸಂಗತಿ ಹೇಳಿದರು. ಆಗೆಲ್ಲ ರಂಪಣಿ ಬಲೆಯ ಕಾಲ. ಬಲೆಯನ್ನು ಸಮುದ್ರದಲ್ಲಿ ಅರ್ಧಚಂದ್ರದ ಹಾಗೆ ಬಿಟ್ಟು, ಅದರ ಎರಡು ತುದಿಯ ಹಗ್ಗಗಳನ್ನು ದಂಡೆಗೆ ತಂದು, ಆ ಕಡೆ ಒಂದು ಗುಂಪು ಈ ಕಡೆ ಒಂದು ಗುಂಪು ನಿಂತು ಎಳೆಯಬೇಕು. ಗಂಡಸರು, ಹೆಂಗಸರು, ಕೇರಿಗೆ ಕೇರಿಯೇ ಎಳೆಯುತ್ತಿತ್ತು. ಮೀಸೆ ಚಿಗುರುವ ವಯಸ್ಸಿನ ಮೇಸ್ತ್ರಿಗೆ ತಮ್ಮ ತೋಳಿನ ಬಲ ತೋರಿಸುವ ಹುಕಿ. ಅವರ ಹುರುಪಿಗೆ ಅವರಿದ್ದ ಕಡೆಯ ಗುಂಪೆಲ್ಲ ಓಡಿ ಓಡಿ ಎಳೆಯಿತು. ಬಲೆ ಓರೆಯಾಯಿತು. ಎದುರು ತುದಿಯವರು ನಿಧಾನ, ನಿಧಾನ ಎಂದು ಕೂಗಿದ್ದು ಕೇಳಿಸಲಿಲ್ಲ. ಬಲೆ ತುಂಬ ಇದ್ದ ಬಂಗಡೆಯ ಹಿಂಡು ಓರೆಯಾದ ಬದಿಯಿಂದ ಜಾರಿ ಹೋಯಿತು.

"ಮೀನು ಹೋದದ್ದು ಸೋತಿದ್ದಕ್ಕಲ್ಲ, ನನ್ನ ಜೋರಿಗೆ," ಎಂದರು. "ದೊಡ್ಡವ್ವ ಹಗ್ಗದ ತುದಿಯಲ್ಲೇ ಹೊಡ್ದಳು. ಎದುರಿಗೆ ಇನ್ನೊಂದು ತುದಿ ಇದೆ ಅಂತ ನೆನಪಿಟ್ಕ ಅಂದಳು. ಮುಂದೆ ಬೊಂಬಾಯಲ್ಲಿ ಮೊದಲ ಸಲ ಬೇಸ್ ಕೈಗೆ ಕೊಟ್ಟಾಗ ನನಗೆ ಯಾರೂ ಕಲಿಸುದೇ ಬೇಡ ಆತು."

ಭಟ್ಕಳದ ಅಕ್ಕೋರು ಕೇಳಿದರು, "ಹಾಗಾದ್ರೆ ಈ ಹಾಡು ದುಃಖದ್ದಲ್ವಾ?"

"ಹಗ್ಗ ಬಿಡಬೇಡ ಅಂತ ಯಾರು ಹೇಳೂದು? ತಾನು ಬಿಡದೇ ಇದ್ದವ್ರು. ನಾ ಹಿಡ್ಕಂಡಿದ್ದೆ, ನೀನೂ ಹಿಡ್ಕ. ಇದು ಬೇಡೂದಲ್ಲ ಅಕ್ಕೋರೇ, ಧೈರ್ಯ ಕೊಡೂದು. ನೀವು ಅಳ್ತಾ ಹಾಡ್ತ್ರಿ, ಅದಕ್ಕೇ ಕೊನೆಗೆ ಗಾಬರಿ ಬಿದ್ದು ಓಡ್ತ್ರಿ."

ಹೊನ್ನಾವರದವರ ಮುಖ ಕೆಂಪಾಯಿತು. "ಬರೆದದ್ದು ನಾನು ಮಾರಾಯ್ರೇ, ಅರ್ಥ ನನಗೆ ಗೊತ್ತಿಲ್ವಾ?"

"ಬರ್ದದ್ದು ನೀವು," ಎಂದರು ಮೇಸ್ತ್ರಿ, ಒಂದಿಷ್ಟೂ ಬಿಸಿಯಾಗದೆ. "ಹಗ್ಗ ಎಳ್ದದ್ದು ನಾನು."

ತಾರಿ ದೋಣಿಯಲ್ಲಿ ಆಕೆ ನಮಗೆ ಬೆನ್ನು ಹಾಕಿ ಕೂತರು. ಇಂಜಿನ್ ರಿಪೇರಿ ಮಾಡುವವರು ಕವಿತೆಯನ್ನೂ ರಿಪೇರಿ ಮಾಡುತ್ತಾರಾ ಎಂದು ಬಸ್ಸಿನಲ್ಲಿ ಗೊಣಗಿದರು. ಮರುದಿನ ಬೆಳಿಗ್ಗೆ ಫೋನಿಗೆ ಒಂದು ಸಾಲು ಕಳಿಸಿದರು. ಕೊನೆಯ ಪಲ್ಲವಿಯನ್ನು ಬದಲಿಸಿದ್ದರು. 'ಹಗ್ಗ ಬಿಡಬೇಡ, ಗೆಳೆಯಾ, ನಾನೂ ಬಿಟ್ಟಿಲ್ಲ.' ಓದಿದವಳೇ ಗಿಟಾರ್ ಕೈಗೆತ್ತಿಕೊಂಡೆ.

ಆ ವರ್ಷದ ಕೂಟ ಭಟ್ಕಳದಲ್ಲಿ. ಮೇಸ್ತ್ರಿ ಬರುತ್ತಾರೆಂದು ನಾನು ನಂಬಿರಲಿಲ್ಲ. ಬಂದಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹೆಂಡತಿಯನ್ನು ಕುರ್ಚಿಯಲ್ಲಿ ಕೂರಿಸಿ, ತಾವು ಎಲ್ಲರ ಹಿಂದೆ ಬಾಗಿಲಿನ ಹತ್ತಿರ ನಿಂತಿದ್ದರು. ಎರಡನೆಯ ಸಾಲಿನಲ್ಲಿ ನಮ್ಮ ಸಮಾಜ ವಿಷಯದ ಮಾಸ್ತರರು. ನಾವು ವೇದಿಕೆ ಹತ್ತುತ್ತಿದ್ದಂತೆ ಚೀಲದಿಂದ ನಿಜವಾದ ಒಂದು ಹಿತ್ತಾಳೆಯ ಆರತಿ ತಟ್ಟೆ ಹೊರಗೆ ತೆಗೆದು, ಎತ್ತಿ ತೋರಿಸಿದರು. ಅಕ್ಕಪಕ್ಕದವರು ಬಿದ್ದು ಬಿದ್ದು ನಕ್ಕರು. ನಾನು ಗಿಟಾರಿಗೆ ವಯರು ಚುಚ್ಚಿದೆ.

ಶುರುಮಾಡಿದೆವು. ಮೊದಲ ಚರಣ ಸರಿ ಹೋಯಿತು, ಎರಡನೆಯದೂ. ಮೂರನೆಯದಕ್ಕೆ ಬಂತು ಚಪ್ಪಾಳೆ. ನಮ್ಮವರು ಮೆಚ್ಚಿದರೆ ಚಪ್ಪಾಳೆ ತಟ್ಟದೆ ಇರಲಾರರು, ತಟ್ಟಿದರೆ ಏರಿಸದೆ ಇರಲಾರರು. ಒಂದೇ ಪಲ್ಲವಿ ಮುಗಿಯುವುದರೊಳಗೆ ಇಡೀ ಸಭೆ ಮುಂದೆ ಓಡಿತ್ತು. ನನ್ನ ಹಿಂದೆ ಡ್ರಮ್ಮಿನ ಕಾಲೂ ಓಡತೊಡಗಿದ್ದು ಬೆನ್ನಿಗೆ ಗೊತ್ತಾಯಿತು. ಹಾಡುವವರು ಕತ್ತು ತಿರುಗಿಸಿ ನನ್ನನ್ನು ನೋಡಿದರು. ನನ್ನ ಬಲಗೈಯೂ ಓಡಬೇಕು ಎಂದು ತುಡಿಯುತ್ತಿತ್ತು. ಮೂವತ್ತು ವರ್ಷದ ಭಜನೆ ಆ ಕೈಯಲ್ಲಿತ್ತು.

ನಾನು ಕಣ್ಣು ಮುಚ್ಚಿದೆ. ಧಡ್ ಧಡ್ ಧಡ್ ಧಡ್. ಈಗ ಹೊಡೆದ ಏಟು ಮುಗಿಯಲಿ, ಆಮೇಲೆ ಇನ್ನೊಂದು. ಎರಡು ಸಾಲಿನ ಕಾಲ ಸಭೆ ಒಂದು ಕಡೆ, ನಾನೊಬ್ಬಳು ಒಂದು ಕಡೆ. ಕೇಳಲು ಭಯಂಕರವಾಗಿತ್ತು, ಸುಳ್ಳು ಹೇಳುವುದಿಲ್ಲ. ನಾನು ಬಿಟ್ಟುಕೊಡಲಿಲ್ಲ. ಮೊದಲು ಡ್ರಮ್ಮಿನ ಕಾಲು ನನ್ನ ಹತ್ತಿರ ವಾಪಸು ಬಂತು. ಆಮೇಲೆ ಮುಂದಿನ ಸಾಲಿನ ಚಪ್ಪಾಳೆ ತಡವರಿಸಿತು, ಹುಡುಕಿತು, ನಮ್ಮ ಏಟಿನ ಮೇಲೆ ಬಂದು ಬಿತ್ತು. ಅದರ ಹಿಂದಿನ ಸಾಲು. ಅದರ ಹಿಂದಿನದು. ಹೊನ್ನಾವರದ ಅಕ್ಕೋರು ದನಿ ಎತ್ತಿ 'ನಾನೂ ಬಿಟ್ಟಿಲ್ಲ' ಎಂದಾಗ ಬಾಗಿಲಿನವರೆಗೂ ಇಡೀ ಸಭಾಂಗಣ ಒಂದೇ ಕೈಯಾಗಿ ತಟ್ಟುತ್ತಿತ್ತು, ನನ್ನ ನಾಲ್ಕು ಸ್ವರಗಳ ಲಯಕ್ಕೆ! ಅಷ್ಟು ಜನರನ್ನು ಹಿಡಿದು ನಿಲ್ಲಿಸುವ ಶಕ್ತಿ ನನ್ನ ಎರಡು ಬೆರಳಲ್ಲಿ ಇದೆ ಎಂದು ನಾನು ಅವತ್ತಿನವರೆಗೆ ಕನಸಿನಲ್ಲೂ ಎಣಿಸಿರಲಿಲ್ಲ. ಹಾಡು ಎಲ್ಲಿ ಶುರುವಾಗಿತ್ತೋ ಅದೇ ನಡಿಗೆಯಲ್ಲಿ ಕೊನೆಗೆ ಬಂದು ನಿಂತಿತು. ಕಣ್ಣು ತೆರೆದರೆ ಸಮಾಜ ವಿಷಯದ ಮಾಸ್ತರರು ಎದ್ದು ನಿಂತು, ಬೇರೇನೂ ಸಿಗದೆ, ಆರತಿ ತಟ್ಟೆಯನ್ನೇ ಅಂಗೈಯಿಂದ ಬಡಿಯುತ್ತಿದ್ದರು.

ನಿರೂಪಕರು ಮೈಕಿಗೆ ಬಂದರು. ಹಾಡಿದವರ ಹೆಸರು ಹೇಳಿದರು, ಚಪ್ಪಾಳೆ. ಡ್ರಮ್ಸ್ ಬಾರಿಸಿದವರ ಹೆಸರು ಹೇಳಿದರು, ಚಪ್ಪಾಳೆ. ಆಮೇಲೆ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಹಾಗೂ ಇನ್ನೊಬ್ಬ ಶಿಕ್ಷಕಿ," ಎಂದು ಮುಗಿಸಿ, ಮುಂದಿನ ಕೋಲಾಟದ ತಂಡವನ್ನು ಕರೆದರು.

ಇನ್ನೊಬ್ಬ ಶಿಕ್ಷಕಿ! ಗಿಟಾರನ್ನು ಹೆಗಲಿಗೆ ಹಾಕಿಕೊಂಡೇ ಮೆಟ್ಟಿಲು ಇಳಿದು ದಡದಡ ಬಾಗಿಲಿನ ಕಡೆ ನಡೆದೆ. "ಕೇಳಿದ್ರಾ ಮೇಸ್ತ್ರಿ, ಕೇಳಿದ್ರಾ? ನನ್ನ ಹೆಸರೇ ಹೇಳ್ಲಿಲ್ಲ ಅವ್ರು!"

ಮೇಸ್ತ್ರಿಯ ಕಣ್ಣು ಒದ್ದೆಯಾಗಿತ್ತು. ಅದನ್ನು ಒರೆಸಿಕೊಳ್ಳಲು ಅವರ ಕೈ ಖಾಲಿ ಇರಲಿಲ್ಲ, ಇನ್ನೂ ಚಪ್ಪಾಳೆ ತಟ್ಟುತ್ತಿದ್ದರು, ಅದೇ ಲಯದಲ್ಲಿ.

"ಹೆಸರು ಬಿಡಿ ಅಕ್ಕೋರೇ," ಎಂದರು. "ಮೀನು ಬಂತು."